ಓದುಗರ ಪ್ರಶ್ನೆ: ಅತ್ತೆ-ಮಾವನಿಗೆ ಹಳೇ ಗೋವೆ ತೋರಿಸಬೇಕು, ಇರುವುದು ಒಂದೇ ದಿನ

ಈ ಸಲ ಬಂದ ಕಾಗದಗಳಲ್ಲಿ ಐದು ಹಳೇ ಗೋವೆಯ ಬಗ್ಗೆಯೇ ಇವೆ. ಐದಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ನಾನು ಬಾಗಲಕೋಟೆ ಕಡೆಯಿಂದ ಗೋವೆಗೆ ಬಂದು ಮೂವತ್ತೊಂದು ವರ್ಷವಾಯಿತು. ಇಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ನಿವೃತ್ತಿಯಾದ ಮೇಲೂ ಊರಿನಿಂದ ಯಾರೇ ಬಂದರೂ ಅದೇ ಬಸ್ಸು, ಅದೇ ದಾರಿ.

ಪ್ರಶ್ನೆ: ಟೀಚರ್, ನಮಸ್ಕಾರ. ನಾವು ಝುವಾರಿನಗರದಲ್ಲಿ ಇದ್ದೇವೆ. ಯಜಮಾನರಿಗೆ ಭಾನುವಾರ ಮಾತ್ರ ರಜೆ. ವಿಜಯಪುರ ಜಿಲ್ಲೆಯಿಂದ ಅತ್ತೆ-ಮಾವ ಬರುವವರಿದ್ದಾರೆ. ಮಾವನವರಿಗೆ ಎಪ್ಪತ್ತೆರಡು, ಮೊಣಕಾಲು ನೋವು. ಸಂತರ ದೇಹ ಇಟ್ಟಿರುವ ದೊಡ್ಡ ಚರ್ಚು ನೋಡಲೇಬೇಕು ಎನ್ನುತ್ತಿದ್ದಾರೆ. ನಮ್ಮಂಥವರನ್ನು ಒಳಗೆ ಬಿಡುತ್ತಾರೆಯೇ? ಬಸ್ಸಿನಲ್ಲಿ ಹೇಗೆ ಹೋಗುವುದು, ಏನೇನು ನೋಡುವುದು? ಅವರು ಶುದ್ಧ ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡಲಿ?
— ಓದುಗರು, ಝುವಾರಿನಗರ

ಉತ್ತರ: ತಂಗಿ, ಒಳಗೆ ಬಿಡುತ್ತಾರೆಯೇ ಎಂಬ ಆತಂಕ ಬಿಡು. ಸೆ ಕೆಥೆಡ್ರಲ್ ಎನ್ನುವ ಪ್ರಧಾನಾಲಯಕ್ಕಾಗಲಿ, ಸಂತರ ದೇಹವಿರುವ ಬಾಮ್ ಜೀಸಸ್ ಬೆಸಿಲಿಕಾಕ್ಕಾಗಲಿ ಟಿಕೆಟ್ಟಿಲ್ಲ. ಯಾವ ಮತ ಎಂದು ಕೇಳುವವರೂ ಇಲ್ಲ. ಡಿಸೆಂಬರ್ 3ರ ಸಂತರ ಹಬ್ಬದ ದಿನ ಕ್ರೈಸ್ತರ ಜೊತೆ ಹಿಂದೂಗಳೂ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಲ್ಲಿಯ ಜನರ ಬಾಯಲ್ಲಿ ‘ಗೊಂಯ್ಚೊ ಸಾಯ್ಬ್’, ಗೋವೆಯ ಒಡೆಯ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು, ಅಷ್ಟೇ. ಅತ್ತೆಯವರ ಇಳಕಲ್ ಸೀರೆ, ಮಾವನವರ ಧೋತರಕ್ಕಿಂತ ಮರ್ಯಾದೆಯ ಉಡುಪು ಇನ್ನೇನಿದೆ? ಟೋಪಿ ಹಾಕಿದ್ದರೆ ಒಳಗೆ ಹೋಗುವಾಗ ತೆಗೆಯಲಿ. ಚಪ್ಪಲಿ ಬಿಡಬೇಕೆಂದಿಲ್ಲ.

ಒಂದು ಮಾತು ಮನೆಯಲ್ಲೇ ಹೇಳಿಡು. ಚರ್ಚಿನ ಪೂಜೆಗೆ (ಮಾಸ್) ಬಲಿಪೂಜೆ ಎನ್ನುತ್ತಾರೆ; ಅದರ ಕೊನೆಯ ಹೊತ್ತಿಗೆ ಜನ ಎದ್ದು ಸಾಲಾಗಿ ಹೋಗಿ ಪಾದ್ರಿಗಳ ಕೈಯಿಂದ ಬಿಳಿ ಬಿಲ್ಲೆಯಂಥ ರೊಟ್ಟಿ ತೆಗೆದುಕೊಳ್ಳುತ್ತಾರೆ. ನಮ್ಮ ಹಿರಿಯರು ಅದನ್ನು ಪ್ರಸಾದವೆಂದು ತಿಳಿದು ಭಕ್ತಿಯಿಂದಲೇ ಸಾಲಿನಲ್ಲಿ ನಿಲ್ಲುತ್ತಾರೆ. ಅದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ ಮಾತ್ರ. ಅಲ್ಲಿಯವರೆಗೆ ಹೋದ ಮೇಲೆ ಬೇಡ ಅನ್ನಿಸಿಕೊಂಡರೆ ಹಿರಿಯ ಜೀವಕ್ಕೆ ಬಹಳ ನೋವಾಗುತ್ತದೆ. ನನ್ನ ದೊಡ್ಡಮ್ಮನಿಗೆ ಹಾಗೆ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕೈಮುಗಿದು ಕೂತಿರಲಿ.

ಬಸ್ಸಿನ ವಿಷಯ. ನಿಮ್ಮ ಬಿರ್ಲಾ ಸ್ಟಾಪಿನಲ್ಲಿ ಕಾದರೆ ತುಂಬಿದ ಬಸ್ಸೇ ಬರುತ್ತದೆ, ಹಿರಿಯರಿಗೆ ಸೀಟು ಸಿಗುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋದರೂ ಸರಿ, ವಾಸ್ಕೊ ನಿಲ್ದಾಣಕ್ಕೇ ಹೋಗಿ ಸರ್ಕಾರಿ ಕದಂಬ ಸಾರಿಗೆಯ ನಾನ್‌ಸ್ಟಾಪ್ ಶಟಲ್ ಹತ್ತಿಸು. ಟಿಕೆಟ್ ಕೌಂಟರಿನಲ್ಲೇ ಕೊಡುತ್ತಾರೆ, ಕೂತೇ ಪ್ರಯಾಣ. ಪಣಜಿಯಲ್ಲಿ ಇಳಿದು ಹಳೇ ಗೋವೆಯ ಬಸ್ಸಾಗಲಿ, ಆ ದಾರಿಯಲ್ಲಿ ಫೋಂಡಾಕ್ಕೆ ಹೋಗುವ ಬಸ್ಸಾಗಲಿ ಹಿಡಿಯಿರಿ. ಹತ್ತು ಕಿಲೋಮೀಟರು. ರಾಯಬಂದರದ ದಾರಿಯ ಬಸ್ಸು ಸಿಕ್ಕರೆ ಬಹಳ ಒಳ್ಳೆಯದು. ಪಣಜಿ ದಾಟುತ್ತಿದ್ದಂತೆ ನೀರಿನ ನಡುವೆ ಮೂರು ಕಿಲೋಮೀಟರಿಗೂ ಉದ್ದನೆಯ ಕಟ್ಟೆರಸ್ತೆ ಬರುತ್ತದೆ. ಪೋರ್ಚುಗೀಸರು ಅದನ್ನು 1633-34ರಲ್ಲಿ ಕಟ್ಟಿದ್ದು, ಇವತ್ತಿಗೂ ಬಸ್ಸು ಅದರ ಮೇಲೆಯೇ ಓಡುತ್ತದೆ. ಮಾವನವರನ್ನು ಕಿಟಕಿ ಪಕ್ಕ ಕೂರಿಸು.

ಈಗ ಮುಖ್ಯ ಮಾತು. ಎಲ್ಲರೂ ಬಸ್ಸಿಳಿದವರೇ ಬೆಸಿಲಿಕಾಕ್ಕೆ ನುಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ಭಾನುವಾರ ಬೆಳಿಗ್ಗೆ ಹೇಗೂ ಅಲ್ಲಿ ಬಲಿಪೂಜೆ, ನೋಡಲು ಬಂದವರಿಗೆ ಹತ್ತೂವರೆಯ ನಂತರವೇ ಅನುಕೂಲ. ತಂಪು ಹೊತ್ತಿನಲ್ಲಿ ಮೊದಲು ಸೇಂಟ್ ಕ್ಯಾಜೆಟನ್ ಚರ್ಚಿನ ಕಡೆ ನಡೆಯಿರಿ. ಅದರ ಅಂಗಳದ ಹತ್ತಿರ ಒಂದು ಬಾಗಿಲು ನಿಂತಿದೆ. ಹಿಂದೆ ಮನೆಯಿಲ್ಲ, ಪಕ್ಕದಲ್ಲಿ ಗೋಡೆಯಿಲ್ಲ. ಕೆಲವು ಮೆಟ್ಟಿಲು, ಮೇಲೆ ಎರಡು ಕರಿಕಲ್ಲಿನ ಕಂಬ, ಅಡ್ಡಲಾಗಿ ಕೆತ್ತಿದ ತೊಲೆ, ಎರಡೂ ಬದಿಗೆ ಮುರಿದ ಕಲ್ಲಿನ ಜಾಲರಿಯ ತುಂಡು. ಬಹಳಷ್ಟು ಜನ ಅದರ ಮುಂದೆಯೇ ಹಾದು ಹೋಗುತ್ತಾರೆ, ತಿರುಗಿ ನೋಡುವುದಿಲ್ಲ.

ಅದು ಆದಿಲ್‌ಶಾಹಿ ಅರಮನೆಯ ಬಾಗಿಲು. ನಿಮ್ಮ ಮಾವನವರ ಜಿಲ್ಲೆಯ ದೊರೆಗಳದು. ಪೋರ್ಚುಗೀಸರು ಬರುವ ಮೊದಲು ಈ ಊರು ವಿಜಾಪುರಕ್ಕೆ ಸೇರಿತ್ತು. 1510ರ ನವೆಂಬರ್ 25ರಂದು ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಅದನ್ನು ಗೆದ್ದ. ಅವತ್ತು ಸಂತ ಕ್ಯಾಥರೀನಳ ಹಬ್ಬದ ದಿನ. ಅದಕ್ಕೇ ಪ್ರಧಾನಾಲಯ ಅವಳ ಹೆಸರಿನಲ್ಲಿದೆ. ಈ ಇಡೀ ಊರಿನ ಕಥೆ ಶುರುವಾಗುವುದು ಈ ಬಾಗಿಲಿನಿಂದ. ಇದನ್ನು ನೋಡದೆ ಪ್ರಧಾನಾಲಯ ನೋಡಿದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ.

ನನ್ನ ಅಪ್ಪ ಒಂದೇ ಸಲ ಗೋವೆಗೆ ಬಂದಿದ್ದರು. ಹೆಚ್ಚು ಮಾತಾಡುವ ಮನುಷ್ಯ ಅಲ್ಲ. ಸಮುದ್ರ ತೋರಿಸಿದೆ, ನೋಡಿ ಸುಮ್ಮನಾದರು. ಈ ಬಾಗಿಲಿನ ಹತ್ತಿರ ಬಂದಾಗ ಮಾತ್ರ ಮೆಟ್ಟಿಲು ಹತ್ತಿ ಕಂಬಕ್ಕೆ ಅಂಗೈ ಊರಿ ಬಹಳ ಹೊತ್ತು ನಿಂತರು. “ಇದು ನಮ್ಮ ಕಡೀ ಕಲ್ಲು” ಅಂದರು. ಇಲ್ಲಿಯ ನೆಲದ್ದು ಕೆಂಪು ಜಂಬಿಟ್ಟಿಗೆ. ಈ ಕಂಬ ವಿಜಾಪುರದ ಕಟ್ಟಡಗಳ ಹಾಗೆ ಕರಿಯದು. ಬಿಸಿಲಿಗೆ ಕಾದ ಕಲ್ಲಿನಿಂದ ಅವರು ಕೈ ತೆಗೆಯಲೇ ಇಲ್ಲ.

ಅಲ್ಲಿ ನಿಂತಾಗ ಸೇಂಟ್ ಕ್ಯಾಜೆಟನ್ ಚರ್ಚಿನ ಗುಮ್ಮಟವನ್ನೂ ಮಾವನವರಿಗೆ ತೋರಿಸು. ರೋಮಿನ ಸೇಂಟ್ ಪೀಟರ್ಸ್ ಚರ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು, 1661ರ ಹೊತ್ತಿಗೆ ಮುಗಿಯಿತು. ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ಊರು ಕಳಕೊಂಡವರು ಅಲ್ಲಿ, ಪಡೆದವರು ಇಲ್ಲಿ, ಒಂದೇ ಕಾಲಕ್ಕೆ ಗುಮ್ಮಟ ಎತ್ತುತ್ತಿದ್ದರು. ಮಾವನವರಿಗೆ ಇದು ಖಂಡಿತ ಹಿಡಿಸುತ್ತದೆ.

ಅಲ್ಲಿಂದ ನದಿಯ ಕಡೆ ಇಳಿದರೆ ವೈಸರಾಯ್ ಕಮಾನು, ಅದರಾಚೆ ಮಾಂಡೋವಿ. ಹಡಗಿನಿಂದ ಇಳಿದ ಹೊಸ ವೈಸರಾಯ್ ಈ ಕಮಾನಿನಡಿಯಿಂದಲೇ ಊರೊಳಗೆ ಬರಬೇಕಿತ್ತು. ದಿವಾರ್ ದ್ವೀಪದ ಫೆರ್ರಿ ಅಲ್ಲಿಯೇ ನಿಲ್ಲುತ್ತದೆ. ನಡೆದು ಹತ್ತುವವರಿಗೆ ದುಡ್ಡಿಲ್ಲ. ಅತ್ತೆಯವರಿಗೆ ಹುರುಪಿದ್ದರೆ ಆ ದಡ ಮುಟ್ಟಿ ಅದೇ ಫೆರ್ರಿಯಲ್ಲಿ ಮರಳಿ ಬನ್ನಿ. ನೀರಿನ ನಡುವಿನಿಂದ ಹಿಂದಿರುಗಿ ನೋಡಿದರೆ ತೆಂಗಿನ ತಲೆಗಳ ಮೇಲೆ ಚರ್ಚುಗಳ ಬಿಳಿ ತುದಿ ಕಾಣುತ್ತದೆ. ಊರು ಮಾತ್ರ ಕಾಣುವುದಿಲ್ಲ.

ಊರು ಎಲ್ಲಿ ಎಂದು ಮಾವನವರು ಕೇಳಿಯೇ ಕೇಳುತ್ತಾರೆ. ನನ್ನ ಶಾಲೆಯ ಮಕ್ಕಳು ಪ್ರತಿ ವರ್ಷ ಕೇಳುತ್ತಿದ್ದರು. ಇಷ್ಟು ದೊಡ್ಡ ಗುಡಿಗಳಿವೆ, ಮನೆಗಳೆಲ್ಲಿ, ಪೇಟೆಯೆಲ್ಲಿ? ಊರನ್ನು ಮಲೇರಿಯಾ, ಕಾಲರಾಗಳು ಖಾಲಿ ಮಾಡಿದವು. ವೈಸರಾಯ್‌ಗಳೇ 1695ರಲ್ಲಿ ಇಲ್ಲಿಯ ಅರಮನೆ ಬಿಟ್ಟು ಪಕ್ಕದ ಪಾನೆಲಿಮ್‌ಗೆ ಸರಿದರು, 1759ರಲ್ಲಿ ಪಣಜಿಗೆ ಹೋದರು. 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು. ಖಾಲಿ ಬಿದ್ದ ಕಟ್ಟಡಗಳ ಕಲ್ಲುಗಳನ್ನು ಬಿಚ್ಚಿ ಪಣಜಿ ಕಟ್ಟಲು ಒಯ್ದರು. ಈಗ ಹುಲ್ಲುಹಾಸು ಇರುವಲ್ಲೆಲ್ಲ ಒಂದು ಕಾಲಕ್ಕೆ ಓಣಿಗಳಿದ್ದವು. ಹುಲ್ಲಿನ ಮೇಲೆ ನಡೆಯುವಾಗ ಅದು ನೆನಪಿರಲಿ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ.

ಊಟಕ್ಕೆ ಬುತ್ತಿಯೇ ಕಟ್ಟಿಕೊಂಡು ಹೋಗು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನದಿ ದಂಡೆಯ ಕಡೆ ಮರದ ನೆರಳಿದೆ. ಚರ್ಚುಗಳ ಹುಲ್ಲುಹಾಸಿನ ಮೇಲೆ ಕೂತು ಉಣ್ಣುವುದು ಬೇಡ, ಕಾಗದ ಚೆಲ್ಲುವುದಂತೂ ಬೇಡವೇ ಬೇಡ. ಚಹಾಕ್ಕೆ, ಭಾಜಿ-ಪಾವಿಗೆ ರಸ್ತೆ ಬದಿಯ ಹೋಟೆಲುಗಳಿವೆ.

ಮಧ್ಯಾಹ್ನ ಪ್ರಧಾನಾಲಯ. ಹೊರಗಿನ ಬಿಸಿಲಿಗೆ ಅದರೊಳಗಿನ ತಂಪು ದೊಡ್ಡ ಉಪಕಾರ. ಉದ್ದ 250 ಅಡಿ, ಅಗಲ 181 ಅಡಿ. 1562ರಲ್ಲಿ ಶುರುಮಾಡಿ ಕಟ್ಟಡ ಮುಗಿಸಿದ್ದು 1619ಕ್ಕೆ. ಪಾಯ ತೋಡಿದವರಲ್ಲಿ ಎಷ್ಟು ಜನ ಛಾವಣಿ ನೋಡಿದರೋ! ನೇರ ಮುಂದಿನ ಬೆಂಚಿಗೆ ಹೋಗಿ ಮಾವನವರನ್ನು ಅರ್ಧ ತಾಸು ಕೂರಿಸು. ಎದುರಿಗೆ ನೆಲದಿಂದ ಮೇಲಿನವರೆಗೆ ಬಂಗಾರದ ಮುಲಾಮಿನ ಮರದ ಕೆತ್ತನೆ, ಅದರಲ್ಲಿ ಕ್ಯಾಥರೀನಳ ಬದುಕಿನ ಚಿತ್ರಗಳು. ಕಣ್ಣು ಮೊದಲು ಹೊಳಪನ್ನಷ್ಟೇ ಹಿಡಿಯುತ್ತದೆ. ಐದು ನಿಮಿಷ ಕಳೆದ ಮೇಲೆ ಒಂದೊಂದೇ ಮುಖ ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ಓಡಾಡಿ ಫೋಟೋ ತೆಗೆಯುವವರಿಗೆ ಇದು ಸಿಗುವುದಿಲ್ಲ.

ಬೆಸಿಲಿಕಾ ರಸ್ತೆಯ ಆಚೆಗೇ ಇದೆ. 1594ರಲ್ಲಿ ಅಡಿಗಲ್ಲು, 1605ರಲ್ಲಿ ಪ್ರತಿಷ್ಠೆ. ಮೇಲಿನ ಗಾರೆಯನ್ನು 1950ರ ದಶಕದಲ್ಲಿ ಕೆತ್ತಿ ತೆಗೆದದ್ದರಿಂದ ಕೆಂಪು ಕಲ್ಲು ಬರಿಮೈಯಲ್ಲಿದೆ. ಸಂತರ ದೇಹವನ್ನು ಹತ್ತಿರದಿಂದ ನೋಡಲು ಆಗುವುದಿಲ್ಲ ಎಂದು ಮಾವನವರಿಗೆ ಮೊದಲೇ ಹೇಳು, ಇಲ್ಲದಿದ್ದರೆ ನಿರಾಸೆಯಾಗುತ್ತದೆ. ಪೆಟ್ಟಿಗೆ ಬಹಳ ಎತ್ತರದಲ್ಲಿದೆ. ಕೆಳಗಿಳಿಸುವುದು ಹತ್ತು ವರ್ಷಕ್ಕೊಮ್ಮೆ. ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಪ್ರಧಾನಾಲಯದಲ್ಲಿ ಇಟ್ಟಿದ್ದರು. ಆದರೆ ಆ ಪೆಟ್ಟಿಗೆಯೇ ನೋಡತಕ್ಕದ್ದು. ಕೆಳಗಿನ ಅಮೃತಶಿಲೆಯ ಕಟ್ಟೆ ಇಟಲಿಯ ಟಸ್ಕನಿಯ ದೊರೆ ಕಳಿಸಿದ್ದು, 1698ರಲ್ಲಿ ಇಲ್ಲಿ ನಿಲ್ಲಿಸಿದರು. ಮೇಲಿನ ಬೆಳ್ಳಿಯ ಪೆಟ್ಟಿಗೆ ಅದಕ್ಕಿಂತ ಅರವತ್ತು ವರ್ಷ ಹಿಂದಿನದು, ಗೋವೆಯ ಅಕ್ಕಸಾಲಿಗರ ಕೈಕೆಲಸ. ಇಲ್ಲಿಯ ಕೈಗಳು ಮಾಡಿದ್ದು ಮೇಲೆ, ಇಟಲಿಯದು ಕೆಳಗೆ. ನನಗೆ ಅದನ್ನು ನೋಡಿದಾಗಲೆಲ್ಲ ಎದೆ ತುಂಬಿ ಬರುತ್ತದೆ.

ಗುಡ್ಡದ ಮೇಲಿನ ಸೇಂಟ್ ಅಗಸ್ಟೀನ್ ಗೋಪುರಕ್ಕೆ ಮಾವನವರನ್ನು ಹತ್ತಿಸಬೇಡ. 46 ಮೀಟರಿನ ಗೋಪುರ ಅರ್ಧ ಮುರಿದು ನಿಂತಿದೆ. ಯಜಮಾನರು ಬೇಕಾದರೆ ಓಡಿ ಹೋಗಿ ನೋಡಿ ಬರಲಿ.

ಪ್ರಶ್ನೆ: ಮೇಡಂ, ಚರ್ಚಿನ ಹೆಸರು ‘ಸೆ’ ಅಂದರೇನು? ಅದಕ್ಕೆ ಒಂದೇ ಗೋಪುರ ಯಾಕೆ? ಗೆಳೆಯರು ಬೆಸಿಲಿಕಾವೇ ಕೆಥೆಡ್ರಲ್ ಎಂದು ವಾದಿಸುತ್ತಾರೆ.
— ಕಾಲೇಜು ವಿದ್ಯಾರ್ಥಿ, ಮಡಗಾಂವ್

ಉತ್ತರ: ತಮ್ಮಾ, ‘ಸೆ’ ಅಂದರೆ ಪೀಠ. ಕುರ್ಚಿ ಎಂಬರ್ಥದ ಲ್ಯಾಟಿನ್ ಮಾತಿನಿಂದ ಪೋರ್ಚುಗೀಸಿಗೆ ಬಂದದ್ದು. ನಮ್ಮ ಮಠಗಳಲ್ಲಿ ಪೀಠ ಎನ್ನುತ್ತೇವಲ್ಲ, ಅದೇ ಅರ್ಥ. ಬಿಷಪರ ಪೀಠ ಎಲ್ಲಿದೆಯೋ ಅದೇ ಪ್ರಧಾನಾಲಯ, ದೊಡ್ಡದಿರಲಿ ಸಣ್ಣದಿರಲಿ. ಬೆಸಿಲಿಕಾ ಎಂಬುದು ಪೋಪ್ ಕೊಡುವ ಗೌರವ. ಬಾಮ್ ಜೀಸಸ್‌ಗೆ ಅದು ಬಂದದ್ದು 1946ರಲ್ಲಿ. ಹಾಗಾಗಿ ವಾದದಲ್ಲಿ ನೀನೇ ಸರಿ. ಗೋವಾ ಧರ್ಮಪ್ರಾಂತ್ಯ ಆದದ್ದು 1534ರಲ್ಲಿ. ಆಗ ಅದರ ವ್ಯಾಪ್ತಿ ಆಫ್ರಿಕಾದ ತುದಿಯಿಂದ ಚೀನಾದವರೆಗೆ ಇತ್ತು. ಆರ್ಚ್‌ಬಿಷಪ್ ಈಗ ಇರುವುದು ಪಣಜಿಯ ಆಲ್ತಿನೊ ಗುಡ್ಡದ ಮೇಲೆ. ಪೀಠ ಮಾತ್ರ ಹಳೇ ಗೋವೆಯಲ್ಲೇ ಉಳಿದಿದೆ.

ಗೋಪುರ ಎರಡಿದ್ದವು. ಒಂದು 1776ರಲ್ಲಿ ಬಿತ್ತು. ಮತ್ತೆ ಕಟ್ಟಲಿಲ್ಲ, ಆ ಹೊತ್ತಿಗೆ ವೈಸರಾಯ್‌ಗಳೇ ಊರು ಬಿಟ್ಟಿದ್ದರು. ಉಳಿದ ಗೋಪುರದಲ್ಲಿ ‘ಬಂಗಾರದ ಗಂಟೆ’ ಇದೆ, ಗೋವೆಯಲ್ಲೇ ದೊಡ್ಡದು. ಬಂಗಾರ ಅದರ ನಾದಕ್ಕೆ ಬಂದ ಹೆಸರು.

ಪ್ರಶ್ನೆ: ಅಲ್ಲಿ ನಮ್ಮ ಜನರ ಮೇಲೆ ಬಹಳ ಹಿಂಸೆ ನಡೆದಿತ್ತು ಎಂದು ಓದಿದ್ದೇನೆ. ಅಂಥ ಜಾಗಕ್ಕೆ ಮಕ್ಕಳನ್ನು ಕರೆದೊಯ್ದು ಹೊಗಳುವುದು ಸರಿಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅಣ್ಣಾ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಡೆದದ್ದು ನಿಜ. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ (ಇನ್‌ಕ್ವಿಸಿಷನ್), ಅಂದರೆ ಚರ್ಚಿನ ಮತಕ್ಕೆ ತಪ್ಪಿ ನಡೆದವರೆಂದು ಹಿಡಿದು ಶಿಕ್ಷಿಸುವ ನ್ಯಾಯಾಲಯ, ಇಲ್ಲಿ ಶುರುವಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು. ಅದರ ಕಟ್ಟಡ ಪ್ರಧಾನಾಲಯದ ಹತ್ತಿರವೇ ಇತ್ತು, ಈಗ ಕುರುಹೂ ಇಲ್ಲ. ಮೇಲೆ ಹೇಳಿದ ಗಂಟೆ ಶಿಕ್ಷೆ ಸಾರುವ ದಿನಗಳಲ್ಲಿ ಬಾರಿಸುತ್ತಿತ್ತು. ಅದೇ 1560ರಲ್ಲಿ ಕುಠ್ಠಾಳಿಯ ಭಕ್ತರು ತಮ್ಮ ಮಂಗೇಶನನ್ನು ಹೊತ್ತುಕೊಂಡು ನದಿ ದಾಟಿ ಪ್ರಿಯೋಳಕ್ಕೆ ಹೋದರು. ಅದು ಆಗ ಆದಿಲ್‌ಶಾಹಿ ಸೀಮೆ. ಇವತ್ತಿನ ಮಂಗೇಶಿ ದೇವಸ್ಥಾನ ಅದೇ. ವಾಸ್ಕೊ–ಪಣಜಿ ಬಸ್ಸು ಕುಠ್ಠಾಳಿಯ ಮೂಲಕವೇ ಬರುತ್ತದೆ.

ನಾನು ಮಕ್ಕಳಿಗೆ ಇದಾವುದನ್ನೂ ಮುಚ್ಚಿಡಲಿಲ್ಲ. ಆ ಬಾಗಿಲಿನ ಹತ್ತಿರ ಆದಿಲ್‌ಶಾಹಿಗಳ ಕಥೆ, ಪ್ರಧಾನಾಲಯದ ಹೊರಗೆ ಹುಲ್ಲಿನ ಮೇಲೆ ವಿಚಾರಣೆಯ ಕಥೆ, ಆಮೇಲೆ ಒಳಗೆ. ಆ ಮಕ್ಕಳಲ್ಲಿ ಕ್ರೈಸ್ತರೂ ಇದ್ದರು, ಮುಸ್ಲಿಮರೂ ಇದ್ದರು. ಐದು ಶತಮಾನದ ಹಿಂದೆ ಅಧಿಕಾರದಲ್ಲಿದ್ದವರು ಮಾಡಿದ್ದಕ್ಕೆ ಪಕ್ಕದ ಬೆಂಚಿನ ಹುಡುಗ ತಲೆ ತಗ್ಗಿಸಬೇಕಿಲ್ಲ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ಕೆತ್ತನೆ ಮಾಡಿದ ಬಡಗಿ, ಬೆಳ್ಳಿ ಬಡಿದ ಅಕ್ಕಸಾಲಿಗ ಇಲ್ಲಿಯ ಮನುಷ್ಯರು. ಅವರ ಕೆಲಸವನ್ನು ಹೊಗಳಲು ನನಗೆ ಸಂಕೋಚವಿಲ್ಲ. ಕರೆದುಕೊಂಡು ಬನ್ನಿ. ಎರಡನ್ನೂ ಹೇಳಿ.

ಪ್ರಶ್ನೆ: ನಕ್ಷೆಯಲ್ಲಿ ‘ಓಲ್ಡ್ ಗೋವಾ’ ಬೇರೆ, ‘ಗೋವಾ ವೆಲ್ಹಾ’ ಬೇರೆ ಕಾಣುತ್ತದೆ. ಎರಡರ ಅರ್ಥವೂ ಹಳೇ ಗೋವಾ ಅಲ್ಲವೇ? ಕನ್ನಡದ ಕದಂಬರ ಊರು ಯಾವುದು?
— ಓದುಗರು, ಬೆಳಗಾವಿ

ಉತ್ತರ: ಅರ್ಥ ಒಂದೇ, ಊರು ಎರಡು. ಚರ್ಚುಗಳಿರುವುದು ಓಲ್ಡ್ ಗೋವಾದಲ್ಲಿ, ಅಂದರೆ ವೆಲ್ಹಾ ಗೋವಾದಲ್ಲಿ, ಮಾಂಡೋವಿಯ ದಂಡೆಗೆ. ಗೋವಾ ವೆಲ್ಹಾ ಇರುವುದು ವಾಸ್ಕೊದಿಂದ ಪಣಜಿಗೆ ಬರುವ ಹೆದ್ದಾರಿಯಲ್ಲಿ, ಝುವಾರಿ ಸೇತುವೆ ದಾಟಿದ ಮೇಲೆ. ಮೊಬೈಲ್ ಇಲ್ಲದ ಕಾಲದಲ್ಲಿ ನಮ್ಮ ಅಣ್ಣನ ಮನೆಯವರು ಅಲ್ಲಲ್ಲಿ ನಿಲ್ಲುವ ಬಸ್ಸು ಹತ್ತಿ, ಬೋರ್ಡು ನೋಡಿ ಅಲ್ಲೇ ಇಳಿದುಬಿಟ್ಟಿದ್ದರು. ಇಬ್ಬರು ಸಣ್ಣ ಮಕ್ಕಳೊಂದಿಗೆ ಒಂದೂವರೆ ತಾಸು ಏಪ್ರಿಲ್ ಬಿಸಿಲಲ್ಲಿ ನಿಂತರು. ನಾನು ಇತ್ತ ಗಾಂಧಿ ಸರ್ಕಲ್ಲಿನಲ್ಲಿ ಕಾಯುತ್ತಿದ್ದೆ. ಅದಕ್ಕೇ ಈಗ ಎಲ್ಲರಿಗೂ ಹೇಳುತ್ತೇನೆ: ಕಂಡಕ್ಟರಿಗೆ ‘ಚರ್ಚ್ ಇರುವ ಓಲ್ಡ್ ಗೋವಾ’ ಎಂದೇ ಕೇಳಿ.

ಆದರೆ ಆ ಗೋವಾ ವೆಲ್ಹಾವೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ. ಅದೇ ಗೋಪಕಪಟ್ಟಣ, ಗೋವೆಯ ಕದಂಬರ ಬಂದರು. ಮೊದಲು ಚಂದ್ರಪುರದಲ್ಲಿ, ಅಂದರೆ ಈಗಿನ ಚಾಂದೋರಿನಲ್ಲಿ ಇದ್ದವರು ಆಮೇಲೆ ಇಲ್ಲಿಗೆ ಬಂದರು. ಕನ್ನಡದಲ್ಲಿ ಶಾಸನ ಬರೆಸಿದ ದೊರೆಗಳು. ಇಲ್ಲಿಯ ಸರ್ಕಾರಿ ಬಸ್ಸಿನ ಹೆಸರೂ ಕದಂಬ, ಅದರ ಚಿಹ್ನೆಯಲ್ಲಿರುವುದೂ ಅವರ ಸಿಂಹವೇ. ಹಳೇ ಗೋವೆಗೆ ಹೋದಾಗ ಪ್ರಧಾನಾಲಯದ ಪಕ್ಕದ ಸೇಂಟ್ ಫ್ರಾನ್ಸಿಸ್ ಮಠದಲ್ಲಿರುವ ಪುರಾತತ್ವ ಮ್ಯೂಸಿಯಂ ತಪ್ಪಿಸಬೇಡಿ, ಶುಕ್ರವಾರ ಮಾತ್ರ ರಜೆ. ಬಾಗಿಲಲ್ಲಿ ಅಲ್ಬುಕರ್ಕನ ಕಂಚಿನ ಮೂರ್ತಿ ನಿಂತಿದೆ, ಒಳಗೆ ನಮ್ಮ ಊರ ಹೊರಗಿನ ಹೊಲಗಳಲ್ಲಿ ಕಾಣುವಂಥದ್ದೇ ವೀರಗಲ್ಲು, ಮಾಸ್ತಿಗಲ್ಲುಗಳಿವೆ.

ಪ್ರಶ್ನೆ: ಕಾರವಾರದಿಂದ ರೈಲಿನಲ್ಲಿ ಬಂದು ಒಂದೇ ದಿನದಲ್ಲಿ ಮರಳಬಹುದೇ? ಯಾವ ತಿಂಗಳು ಒಳ್ಳೆಯದು?
— ಓದುಗರು, ಕಾರವಾರ

ಉತ್ತರ: ಆಗುತ್ತದೆ. ಮಡಗಾಂವ್‌ನಲ್ಲಿ ಇಳಿಯಬೇಡಿ, ಕರ್ಮಳಿಯಲ್ಲಿ ನಿಲ್ಲುವ ರೈಲು ನೋಡಿಕೊಳ್ಳಿ. ಅಲ್ಲಿಂದ ಚರ್ಚುಗಳು ರಿಕ್ಷಾದಲ್ಲಿ ಹತ್ತು ನಿಮಿಷವೂ ಇಲ್ಲ. ಮರಳುವ ರೈಲಿನ ಹೊತ್ತು ಮೊದಲೇ ನೋಡಿಟ್ಟುಕೊಂಡು ಬನ್ನಿ.

ಜನಜಾತ್ರೆ ಬೇಕಿದ್ದರೆ ನವೆಂಬರ್ 24ರಿಂದ ಡಿಸೆಂಬರ್ 3ರ ಹಬ್ಬದವರೆಗೆ ಬನ್ನಿ. ಒಂಬತ್ತು ದಿನ ನೊವೆನಾ ಪ್ರಾರ್ಥನೆ, ರಸ್ತೆ ಬದಿಗೆಲ್ಲ ಅಂಗಡಿಗಳು, ಕಡಲೆಯ ಸಿಹಿ ತಿನಿಸು ಖಾಜೆಯ ರಾಶಿ. ಆದರೆ ಪ್ರಧಾನಾಲಯದಲ್ಲಿ ಕೂರಲು ಜಾಗ ಸಿಗದು. ನನ್ನನ್ನು ಕೇಳಿದರೆ ಆಗಸ್ಟ್ ತಿಂಗಳ ಒಂದು ವಾರದ ದಿನ. ಮಳೆ ನೀರು ಕುಡಿದು ಬೆಸಿಲಿಕಾದ ಕೆಂಪು ಗೋಡೆ ಕಡುಗೆಂಪಾಗಿರುತ್ತದೆ, ಕಲ್ಲಿನ ಸಂದುಗಳಲ್ಲಿ ಹಸಿರು ಎದ್ದಿರುತ್ತದೆ. ಮೆಟ್ಟಿಲುಗಳು ಜಾರುತ್ತವೆ, ಹಿಡಿತವಿರುವ ಚಪ್ಪಲಿ ಹಾಕಿಕೊಂಡು ಬನ್ನಿ.